ಅಜ್ಜನ ಕೋವಿಯನ್ನು ಮಾರುವ ಮುನ್ನ

ಹಳೆಯ ಮನೆಗಳನ್ನು ಕೆಡವಿ ತಾರಸಿ ಮನೆ ಕಟ್ಟುವ ಕಾಲವಿದು. ಪಾಲುಪಟ್ಟಿಯಾಗಿ ಅಣ್ಣತಮ್ಮಂದಿರು ಒಬ್ಬೊಬ್ಬರು ಒಂದೊಂದು ಊರು ಸೇರಿರುತ್ತಾರೆ. ಮಾಡು ಇಳಿಸುವ ದಿನ ಅಟ್ಟದಿಂದ ತಾಮ್ರದ ಹಂಡೆ, ಮರದ ಪೆಟ್ಟಿಗೆ, ತಾಳೆಗರಿಯ ಕಟ್ಟುಗಳೊಂದಿಗೆ ಕೆಲವು ಮನೆಗಳಲ್ಲಿ ಒಂದು ಕೋವಿಯೂ ಇಳಿಯುತ್ತದೆ. ಹಂಡೆಯನ್ನು ತೂಗಿ ಹಂಚಿಕೊಳ್ಳಬಹುದು. ಕೋವಿಯ ಮುಂದೆ ಮಾತ್ರ ಎಲ್ಲರೂ ಸುಮ್ಮನಾಗುತ್ತಾರೆ.

ಕಳೆದ ಮಳೆಗಾಲದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ನಮ್ಮಲ್ಲಿಗೆ ಬಂದಿದ್ದರು. "ಮಾಷ್ಟ್ರೇ, ಅಜ್ಜನ ಕೋವಿ ಎರಡುಂಟು. ಒಂದು ಜೋಡುನಳಿಗೆಯ ತೋಟೆಕೋವಿ, ಇನ್ನೊಂದು ಕೇಪಿನದ್ದು. ಹಳೆ ಸಾಮಾನು ಕೊಳ್ಳುವವನೊಬ್ಬ ಎರಡಕ್ಕೂ ನಗದು ಕೊಡ್ತೇನೆ ಅಂತಾನೆ. ಕೊಡಬಹುದಾ?" ಎಂದು ಕೇಳಿದರು. ಅಜ್ಜ ತೀರಿಕೊಂಡು ಆರು ವರ್ಷವಾಗಿತ್ತು. ಲೈಸನ್ಸು ಅಜ್ಜನ ಹೆಸರಿನಲ್ಲಿಯೇ ಇತ್ತು. ಕೊಡಬಾರದೆಂದು ನಾವು ಕೂಡಲೇ ಹೇಳಿದೆವು. ಹಾಗೇಕೆ ಹೇಳಿದೆವೆಂಬುದನ್ನು ಇಂತಹ ಕೋವಿಯಿರುವ ಎಲ್ಲ ಮನೆಯವರೂ ತಿಳಿದಿರುವುದು ಒಳ್ಳೆಯದು.

ಕಾನೂನು ಏನನ್ನುತ್ತದೆ?

1959ರ ಆಯುಧ ಕಾಯಿದೆಯಂತೆ ಲೈಸನ್ಸು ಕೋವಿಗೆ ಮಾತ್ರ ಸೇರಿದ್ದಲ್ಲ, ಹಿಡಿದ ವ್ಯಕ್ತಿಗೂ ಸೇರಿದ್ದು. ಅಜ್ಜನೊಂದಿಗೆ ಅಜ್ಜನ ಲೈಸನ್ಸೂ ಮುಗಿಯಿತು. ಹೊಲ, ತೋಟ ಮೊಮ್ಮಕ್ಕಳಿಗೆ ಬಂದ ಹಾಗೆ ಕೋವಿಯ ಒಡೆತನ ಬರಬಹುದು. ಇಟ್ಟುಕೊಳ್ಳುವ ಹಕ್ಕು ತಾನಾಗಿ ಬರುವುದಿಲ್ಲ. ಲೈಸನ್ಸಿಲ್ಲದೆ ಇಟ್ಟುಕೊಂಡವರಿಗೆ ಎರಡು ವರ್ಷಕ್ಕೆ ಕಡಿಮೆಯಿಲ್ಲದಂತೆ ಐದು ವರ್ಷದ ವರೆಗೆ ಸೆರೆವಾಸವೆಂದು 2019ರ ತಿದ್ದುಪಡಿ ಹೇಳುತ್ತದೆ. ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಕೋವಿ ಇರಕೂಡದೆಂದೂ, ವಂಶಪಾರಂಪರ್ಯವಾಗಿ ಬಂದವೂ ಈ ಲೆಕ್ಕದೊಳಗೇ ಎಂದೂ ಅದೇ ತಿದ್ದುಪಡಿ ಗೊತ್ತುಮಾಡಿದೆ.

ಕೊಡಗಿನ ನೆಂಟರ ಮನೆಗಳಲ್ಲಿ ಲೈಸನ್ಸಿಲ್ಲದ ಕೋವಿ ಕಂಡು ನಮಗೂ ಹಾಗೆಯೇ ಎಂದು ತಿಳಿದವರಿದ್ದಾರೆ. ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಕೇಂದ್ರ ಸರಕಾರ ಕೊಟ್ಟ ವಿನಾಯಿತಿ ಅದು. 2019ರಲ್ಲಿ ಅದನ್ನು 2029ರ ತನಕ ಮುಂದುವರಿಸಲಾಗಿದೆ. ಕಾಸರಗೋಡಿನ ನಮಗೆ ಅದು ಅನ್ವಯಿಸುವುದಿಲ್ಲ.

"ನೂರು ವರ್ಷ ಕಳೆದ ಕೋವಿಗೆ ಲೈಸನ್ಸು ಬೇಡ" ಎಂಬುದು ಇನ್ನೊಂದು ತಪ್ಪು ತಿಳುವಳಿಕೆ. ಹಳೆಯ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಕ್ಕೆ ಕಾಯಿದೆಯ 45ನೆಯ ಕಲಮಿನಲ್ಲಿ ರಿಯಾಯಿತಿಯಿರುವುದು ನಿಜ. ಆದರೆ ರಿಪೇರಿ ಮಾಡಿದರೂ ಅದು ಹಾರದು ಎಂಬಂತಿರಬೇಕು. ಅದನ್ನು ತೀರ್ಮಾನಿಸಬೇಕಾದವರು ಬಲ್ಲವರು, ನಾವಲ್ಲ.

ಮೊದಲ ಹೆಜ್ಜೆ

ಮೊದಲು ಕೋವಿ ತುಂಬಿದೆಯೇ ನೋಡಬೇಕು. ಬಾಯಿಯಿಂದ ಮದ್ದು ತುಂಬುವ ಕೋವಿಯಲ್ಲಿ ಅಜ್ಜ ಜಡಿದಿಟ್ಟ ಮದ್ದು ಹಲವು ದಶಕಗಳ ಮೇಲೂ ಹಾರಬಲ್ಲದು. ನಳಿಗೆಯ ಬಾಯನ್ನು ಜನವಿಲ್ಲದ ಕಡೆಗೆ ತಿರುಗಿಸಿ, ಮುಖವನ್ನು ಬದಿಗಿಟ್ಟು, ಮರದ ಕೋಲನ್ನು ಮೆಲ್ಲಗೆ ಇಳಿಸಿ ಎಷ್ಟು ದೂರ ಹೋಯಿತೆಂದು ಗುರುತು ಮಾಡಿರಿ. ಅದೇ ಕೋಲನ್ನು ಹೊರಗಿನಿಂದ ನಳಿಗೆಗೆ ಹಿಡಿದಾಗ ಕೇಪು ಕೂರುವ ಜಾಗಕ್ಕೆ ಮುಟ್ಟದೆ ನಾಲ್ಕಾರು ಬೆರಳು ಮೊದಲೇ ನಿಂತರೆ ಒಳಗೆ ಏನೋ ಇದೆಯೆಂದೇ ಅರ್ಥ. ಮತ್ತೆ ಅದನ್ನು ಮುಟ್ಟದೆ ಬಲ್ಲವರಿಗೆ ಬಿಡಬೇಕು. ಕುದುರೆ ಎಳೆದು ನೋಡುವ ಆಟವಂತೂ ಬೇಡವೇ ಬೇಡ.

ಎರಡನೆಯದು, ಒಪ್ಪಿಸುವುದು. ಕಾಯಿದೆಯ 21ನೆಯ ಕಲಮಿನಂತೆ ಕೋವಿಯನ್ನು ಹತ್ತಿರದ ಪೊಲೀಸ್ ಠಾಣೆಗೋ ಪರವಾನಗಿಯುಳ್ಳ ಕೋವಿ ವ್ಯಾಪಾರಿಗೋ ಒಪ್ಪಿಸಿ ರಶೀದಿ ಪಡೆಯಬೇಕು. ಕೋವಿಯನ್ನು ಹೊತ್ತು ಹೊರಡುವ ಮೊದಲೇ ಠಾಣೆಗೆ ತಿಳಿಸುವುದು ಕ್ಷೇಮ. ಒಪ್ಪಿಸಿದ ಮಾತ್ರಕ್ಕೆ ಕೋವಿ ಕೈಬಿಟ್ಟು ಹೋಗುವುದಿಲ್ಲ. ಲೈಸನ್ಸು ಸಿಕ್ಕಿದ ವಾರಸುದಾರ ಅದನ್ನು ಹಿಂದೆ ಪಡೆಯಬಹುದು. ಅಥವಾ ಅರ್ಹತೆಯಿದ್ದವರಿಗೆ ಮಾರಿ ಹಣ ಪಡೆಯಬಹುದು. ಆದರೆ ಗೊತ್ತುಪಡಿಸಿದ ಅವಧಿಯೊಳಗೆ ಏನನ್ನೂ ಮಾಡದಿದ್ದರೆ ಸರಕಾರ ಮುಟ್ಟುಗೋಲು ಹಾಕಿಕೊಳ್ಳಬಹುದು. ಆದುದರಿಂದ ಆ ಅವಧಿಯನ್ನು ಕೇಳಿ, ರಶೀದಿಯ ಬೆನ್ನಿಗೆ ಬರೆದಿಡಿರಿ.

ಬದುಕಿರುವ ಹಿರಿಯರಿಗೆ ಇನ್ನೂ ಸುಲಭದ ದಾರಿಯಿದೆ. 2016ರ ಆಯುಧ ನಿಯಮಗಳಂತೆ 70 ವರ್ಷ ತುಂಬಿದವರು, ಅಥವಾ 25 ವರ್ಷ ಕೋವಿ ಇಟ್ಟುಕೊಂಡವರು, ತಾವಿರುವಾಗಲೇ ವಾರಸುದಾರರಲ್ಲಿ ಒಬ್ಬರನ್ನು ಹೆಸರಿಸಬಹುದು.

ಬೆಲೆ ತಿಳಿಯುವುದು

ಮೋಸ ಹೋಗುವುದು ಇಲ್ಲಿಯೇ. ನಳಿಗೆಯ ಬುಡ, ಕುದುರೆಯ ಬದಿಯ ತಗಡು, ಇವುಗಳ ಮೇಲಿನ ಅಕ್ಷರ ಮತ್ತು ಮುದ್ರೆಗಳ ಚಿತ್ರ ತೆಗೆದಿಡಬೇಕು. ಅಂಡಾಕಾರದೊಳಗೆ ಇ.ಎಲ್.ಜಿ. ಎಂದಿದ್ದರೆ ಬೆಲ್ಜಿಯಂನ ಲೀಜ್ ಪಟ್ಟಣದ ಪರೀಕ್ಷಾ ಮುದ್ರೆ. ಲಂಡನ್ ಮತ್ತು ಬರ್ಮಿಂಗ್‌ಹ್ಯಾಮ್‌ನ ಕೋವಿಗಳಿಗೆ ಕಿರೀಟವಿರುವ ಬೇರೆ ಮುದ್ರೆಗಳು. ಪರ್ಡಿ, ಹಾಲೆಂಡ್ ಅಂಡ್ ಹಾಲೆಂಡ್, ವೆಸ್ಟ್ಲಿ ರಿಚರ್ಡ್ಸ್, ಗ್ರೀನರ್ ಮೊದಲಾದ ತಯಾರಕರ ಹೆಸರಿಗೆ ಸಂಗ್ರಾಹಕರಲ್ಲಿ ಬೆಲೆಯಿದೆ. ಈಸ್ಟ್ ಇಂಡಿಯಾ ಕಂಪೆನಿಯ ಸಿಂಹದ ಗುರುತಿಗೂ ಹಾಗೆಯೇ. ಆದರೆ ನಕಲು ಮುದ್ರೆ ಕೊರೆದವೂ ಬಹಳ ಇರುವುದರಿಂದ ಗುರುತೊಂದನ್ನೇ ನಂಬುವಂತಿಲ್ಲ.

ನಳಿಗೆಯ ಮೇಲೆ ಅಲೆಅಲೆಯಾದ ಗೆರೆಗಳು ಕಂಡರೆ ಅದು ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹುರಿಗೊಳಿಸಿ ಬಡಿದ ಡಮಾಸ್ಕಸ್ ನಳಿಗೆ ಆಗಿರಬಹುದು. ನೋಡಲು ಚೆಂದ, ಆದರೆ ಕರಿಮದ್ದಿಗಾಗಿ ಮಾಡಿದ್ದು. ಇಂದಿನ ತೋಟೆ ಹಾಕಿದರೆ ನಳಿಗೆ ಸಿಡಿದು ಕೈ ಹೋದೀತು. ಕೊಳ್ಳುವವರಿಗೂ ಇದನ್ನು ಹೇಳುವುದು ಧರ್ಮ.

ಮಾರುವ ಮುನ್ನ ತಿಕ್ಕಿ ಹೊಳಪು ಕೊಡಬೇಡಿರಿ, ಹಿಡಿಗೆ ವಾರ್ನಿಷ್ ಹಚ್ಚಬೇಡಿರಿ. ಮುದ್ರೆ ಸವೆದರೆ ಬೆಲೆಯೂ ಸವೆಯುತ್ತದೆ. ಹಳೆಯ ಲೈಸನ್ಸು ಪುಸ್ತಕ, ಕೊಂಡ ಚೀಟಿ, ಮದ್ದಿನ ಕೊಂಬು ಇದ್ದರೆ ಜೊತೆಯಲ್ಲಿಯೇ ಇರಲಿ.

ಯಾರಿಗೆ ಮಾರಬೇಕು?

ದಾರಿಗಳು ಮೂರು. ಪರವಾನಗಿಯುಳ್ಳ ವ್ಯಾಪಾರಿಗೆ ಮಾರುವುದು ಒಂದು. ಬೆಲೆ ತುಸು ಕಡಿಮೆಯಾದರೂ ಕಾಗದಪತ್ರದ ಹೊಣೆ ಹಗುರ. ಇಬ್ಬರು ವ್ಯಾಪಾರಿಗಳಲ್ಲಿ ವಿಚಾರಿಸಿದರೆ ನಷ್ಟವಿಲ್ಲ. ಲೈಸನ್ಸು ಇರುವ ಕೃಷಿಕನಿಗೋ ಸಂಗ್ರಾಹಕನಿಗೋ ನೇರ ಮಾರುವುದು ಎರಡನೆಯದು. ಆಗ ಮಾರುವವನ ಸ್ವಾಧೀನವೂ ಕಾನೂನುಬದ್ಧವಾಗಿರಬೇಕು. ಜಿಲ್ಲಾ ದಂಡಾಧಿಕಾರಿಗೋ ಹತ್ತಿರದ ಠಾಣೆಗೋ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕು. ಮೂರನೆಯದು, ಹಾರದ ಪುರಾತನ ಕೋವಿಯನ್ನು ವಸ್ತುಸಂಗ್ರಹಾಲಯಕ್ಕೆ ಕೊಡುವುದು. ತೃಪ್ಪೂಣಿತ್ತುರದ ಹಿಲ್ ಪ್ಯಾಲೆಸಿನಂತಹ ಕಡೆ ಆಯುಧಗಳ ವಿಭಾಗವೇ ಇದೆ.

ನೂರು ವರ್ಷ ಮೀರಿದ್ದು 1972ರ ಪುರಾತನ ವಸ್ತುಗಳ ಕಾಯಿದೆಯೊಳಗೂ ಬರುತ್ತದೆ. ಅದರ ವ್ಯಾಪಾರ ಮಾಡುವವರಿಗೆ ಬೇರೆ ಪರವಾನಗಿ ಬೇಕು. ಖಾಸಗಿಯವರು ವಿದೇಶಕ್ಕೆ ಕಳುಹಿಸುವಂತೆಯೇ ಇಲ್ಲ. "ಗಲ್ಫಿನಲ್ಲಿ ಒಳ್ಳೆಯ ಗಿರಾಕಿ ಇದ್ದಾನೆ" ಎನ್ನುವವನನ್ನು ಜಗಲಿಯಿಂದಲೇ ಕಳುಹಿಸಿಬಿಡಿ.

ಅರ್ಜಿ ಕನ್ನಡದಲ್ಲಿ

ನಮ್ಮ ಹಿರಿಯರು ಕಚೇರಿಗೆ ಹೋಗಲು ಅಂಜುವುದು ಕಾನೂನಿಗಿಂತಲೂ ಹೆಚ್ಚಾಗಿ ಭಾಷೆಗೆ. ಅಜ್ಜನ ಪಾಲುಪಟ್ಟಿ ಕನ್ನಡದಲ್ಲಿ, ಠಾಣೆಯ ಮಾತು ಮಲಯಾಳದಲ್ಲಿ. ಈ ಅಂಜಿಕೆಯಿಂದಲೇ ಕೋವಿ ಅಟ್ಟದಲ್ಲಿ ಉಳಿಯುತ್ತದೆ, ದಲ್ಲಾಳಿಯ ಕೈ ಸೇರುತ್ತದೆ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಂತೆ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಪತ್ರ ಬರೆಯುವ ಹಕ್ಕು ನಮಗಿದೆ. ಉತ್ತರವೂ ಕನ್ನಡದಲ್ಲಿಯೇ ಬರಬೇಕು. ಲೈಸನ್ಸಿನ ನಮೂನೆ ಇಂಗ್ಲಿಷಿನಲ್ಲಿದ್ದರೂ ಮನವಿಯನ್ನು ಕನ್ನಡದಲ್ಲಿ ಬರೆದು, ನಕಲಿಗೆ ಸಹಿ ಹಾಕಿಸಿಕೊಳ್ಳಿರಿ.

ನಮ್ಮ ವಿದ್ಯಾರ್ಥಿ ಹಾಗೆಯೇ ಮಾಡಿದರು. ಅಣ್ಣತಮ್ಮ, ಅಕ್ಕತಂಗಿ ಐವರೂ ಒಪ್ಪಿಗೆಪತ್ರಕ್ಕೆ ಸಹಿ ಹಾಕಿದರು. ಆರು ವರ್ಷ ಯಾಕೆ ತಡವಾಯಿತೆಂದು ಠಾಣೆಯಲ್ಲಿ ಗದರಿಸಿದರು. ಆದರೂ ರಶೀದಿ ಕೊಟ್ಟರು. ಜೋಡುನಳಿಗೆ ವ್ಯಾಪಾರಿಯ ಮೂಲಕ ಮಾರಾಟವಾಯಿತು. ಹಳೆ ಸಾಮಾನಿನವನು ಹೇಳಿದ್ದಕ್ಕಿಂತ ಹೆಚ್ಚೇ ಬಂದಿತು. ಕೇಪಿನ ಕೋವಿಯನ್ನು ತಂಗಿ ಮಾರಗೊಡಲಿಲ್ಲ. ಅಜ್ಜ ಹಂದಿ ಕಾಯಲು ಗದ್ದೆಯ ಮಾಳಕ್ಕೆ ಒಯ್ಯುತ್ತಿದ್ದುದು ಅದನ್ನೇ ಅಂತೆ. ಅದೀಗ ಠಾಣೆಯಲ್ಲಿದೆ, ಪರೀಕ್ಷೆಯ ವರದಿ ಬರಬೇಕಾಗಿದೆ.

ಮನೆಯ ಮಾಡು ಇಳಿಸುವ ದಿನಕ್ಕೆ ಕಾಯಬೇಡಿರಿ. ಅಜ್ಜಂದಿರು ಇರುವಾಗಲೇ ಕೋವಿಯ ಕಾಗದಪತ್ರ ಸರಿಪಡಿಸಿಕೊಂಡರೆ ಹಿರಿಯರ ಹೆಸರೂ ಉಳಿಯುತ್ತದೆ, ಕಿರಿಯರ ನೆಮ್ಮದಿಯೂ ಉಳಿಯುತ್ತದೆ.