ಹೊಲಗೇರಿನ ಸೊನೆ ತಗುಲಿದರೆ: ಮೊದಲು ಸೋಪು, ಆಮೇಲೆ ಮದ್ದು



ಮರಗಸಿಯ ದಿನಗಳಲ್ಲೂ, ಅಡಿಕೆ ತೋಟಕ್ಕೆ ಬೆಟ್ಟದಿಂದ ಸೊಪ್ಪು ತರುವ ದಿನಗಳಲ್ಲೂ ಮೈಯೆಲ್ಲ ಬೊಕ್ಕೆಯೆದ್ದು ಬರುವ ಆಳುಗಳನ್ನು ನಾವೆಲ್ಲ ಕಂಡಿದ್ದೇವೆ. ಕಾರಣ ಹೆಚ್ಚಾಗಿ ಹೊಲಗೇರು. ಕೆಲವು ಕಡೆ ಇದನ್ನೇ ಕಾಡುಗೇರು ಎನ್ನುವುದುಂಟು. ಮಾವು, ಗೋಡಂಬಿ, ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರು, ಅಮೆರಿಕದವರನ್ನು ಕಾಡುವ ಪಾಯ್ಸನ್ ಐವಿ ಬಳ್ಳಿ, ಇವೆಲ್ಲ ಒಂದೇ ಕುಟುಂಬದವು.

ಹೊಲಗೇರಿನ ಸೊನೆ ಗಾಳಿಗೆ ಕಪ್ಪಾಗುತ್ತದೆ. ಅದರಲ್ಲಿರುವುದು ಎಣ್ಣೆಯಂಥ ವಸ್ತು. ಬರಿ ನೀರಿಗೆ ಬಿಡುವುದಿಲ್ಲ. ಚರ್ಮದೊಳಗೆ ಇಳಿದು ಅಂಟಿಕೊಂಡ ಮೇಲೆ ತೊಳೆದು ತೆಗೆಯಲಾಗದು. 10 ನಿಮಿಷದೊಳಗೆ ತೊಳೆದರೆ ಸಾಕಷ್ಟು ಭಾಗ ಹೋಗುತ್ತದೆ. ಅರ್ಧ ಗಂಟೆ ಕಳೆದರೆ ಹೋಗುವುದು ಅತ್ಯಲ್ಪ. ಆದರೂ ತೊಳೆಯಲೇಬೇಕು, ಮೇಲೆ ಉಳಿದದ್ದು ಬೇರೆ ಕಡೆಗೆ ಹರಡದಿರಲೆಂದು. ತುರಿಕೆ, ಊತ ಕಾಣಿಸುವುದು ಸಾಮಾನ್ಯವಾಗಿ 1ರಿಂದ 3 ದಿನದ ಮೇಲೆ. ಹೀಗಾಗಿ ಆ ದಿನ ಏನೂ ಆಗಲಿಲ್ಲವೆಂದು ಮೋಸಹೋಗುತ್ತೇವೆ.

ಹಿಂದೊಮ್ಮೆ ನಮ್ಮ ತೋಟದಲ್ಲಿ ಮರಗಸಿಯವನೊಬ್ಬ ಕೈಗೆ ಸೊನೆ ಹತ್ತಿತೆಂದಾಗ, ಊಟದ ಹೊತ್ತಿಗೆ ತೊಳೆದರಾಯಿತು ಎಂದುಬಿಟ್ಟೆವು. ಅವನು ಅದೇ ಕೈಯಲ್ಲಿ ಬೆವರು ಒರೆಸಿಕೊಂಡ. ಮೂರನೆಯ ದಿನ ಕಣ್ಣು ಬಿಡಲಾರದಷ್ಟು ಮುಖ ಊದಿತು. 12 ದಿನ ಕೆಲಸವಿಲ್ಲ. ಕೂಲಿ ಕೊಟ್ಟೆವು, ನಿಜ. ಆದರೆ ಅವನ ನೋವಿಗೆ ನಮ್ಮ ಆ ಒಂದು ಮಾತೇ ಕಾರಣವಾಯಿತು.

ತೊಳೆಯುವ ಕ್ರಮ ಹೀಗಿರಲಿ:

1. ತಕ್ಷಣ ಕೆಲಸ ನಿಲ್ಲಿಸಿ, ಸೊನೆ ಹತ್ತಿದ ಬಟ್ಟೆ ತೆಗೆಯಬೇಕು. ಆ ಕೈ ಮುಖಕ್ಕೆ, ಕಣ್ಣಿಗೆ, ಗುಪ್ತಾಂಗಕ್ಕೆ ತಾಗಬಾರದು.

2. ಬಟ್ಟೆ ಸೋಪು ಇಲ್ಲವೆ ಪಾತ್ರೆ ಸೋಪು ಹಚ್ಚಿ, ಒದ್ದೆ ಬಟ್ಟೆಯಿಂದ ಒರೆಸಿ, ಮೇಲಿನಿಂದ ತಣ್ಣೀರು ಸುರಿದು ತೊಳೆಯಬೇಕು. ಹೀಗೆ ಮೂರು ಸಲ. ಉಗುರಿನ ಸಂದಿ ಮರೆಯಬಾರದು. ಚರ್ಮ ಕಿತ್ತುಬರುವಂತೆ ತಿಕ್ಕುವುದು ಬೇಡ.

3. ಸೀಮೆಎಣ್ಣೆ ಬೇಡ. ತೆಂಗಿನೆಣ್ಣೆ ಸವರಿ ಹಾಗೆಯೇ ಬಿಟ್ಟರೆ ಸೊನೆ ಇನ್ನಷ್ಟು ಹರಡುತ್ತದೆ.

4. ಕತ್ತಿಯ ಹಿಡಿ, ಹಗ್ಗ, ಏಣಿಗಳನ್ನೂ ಸೋಪಿನಿಂದ ತೊಳೆಯಬೇಕು. ಒಣಗಿದ ಸೊನೆಯೂ ತಿಂಗಳುಗಟ್ಟಲೆ ತೊಂದರೆ ಕೊಡಬಲ್ಲದು. ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು.

ಜೊತೆಗೆ ಬಂದ ನಾಯಿಯನ್ನೂ ಗಮನಿಸಬೇಕು. ದಟ್ಟ ಕೂದಲಿರುವುದರಿಂದ ಅದಕ್ಕೆ ಏನೂ ಆಗದಿರಬಹುದು, ಆದರೆ ಅದನ್ನು ತಬ್ಬಿಕೊಳ್ಳುವ ಮಗುವಿನ ಮೈ ಬೊಕ್ಕೆಯೇಳುತ್ತದೆ. ಕೈಗೆ ರಬ್ಬರ್ ಗವಸು ಹಾಕಿ, ನಾಯಿಗೆ ಸೋಪು ಹಚ್ಚಿ, ಚೆನ್ನಾಗಿ ನೀರು ಹೊಯ್ದು ತೊಳೆಯಬೇಕು. ಅಲ್ಲಿಯವರೆಗೆ ಮೈ ನೆಕ್ಕಲು ಬಿಡಬಾರದು.

ಬೊಕ್ಕೆಯ ನೀರಿನಿಂದ ಇದು ಇನ್ನೊಬ್ಬರಿಗೆ ಅಂಟುವುದಿಲ್ಲ. ನರಳುವವನನ್ನು ದೂರವಿಡುವುದು ಅನ್ಯಾಯ. ಮುಖ, ಕಣ್ಣು ಊದಿದರೆ, ಮೈತುಂಬ ಎದ್ದರೆ, ಕೀವಾದರೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಈ ಮರದ ಸೌದೆಯನ್ನು ಉರಿಸಲೇಬಾರದು. ಹೊಗೆ ಶ್ವಾಸಕೋಶಕ್ಕೆ ಅಪಾಯ.

ಈಗ ಕೆಲಸಕ್ಕೆ ಬರುವವರಲ್ಲಿ ಅನೇಕರು ಬಯಲುಸೀಮೆಯವರು, ಅಸ್ಸಾಮಿನವರು. ಅವರಿಗೆ ಈ ಮರದ ಪರಿಚಯವಿಲ್ಲ. ಆದ್ದರಿಂದ ಮರಗಸಿಗೆ ಮುಂಚೆ ಪ್ರತಿ ಹೊಲಗೇರಿಗೂ ಸುಣ್ಣದ ಪಟ್ಟಿ ಬಳಿಯೋಣ. ಕತ್ತಿ, ಹಗ್ಗದ ಜೊತೆಗೆ ಒಂದು ಕೊಡ ನೀರನ್ನೂ ಒಂದು ಸೋಪನ್ನೂ ತೋಟಕ್ಕೆ ಕಳಿಸೋಣ.