ಮೊಣಕಾಲಿನ ಆಪರೇಷನ್ ನಂತರವೂ ಕಾಡುವ ನೋವು

ಸವೆದ ಮೊಣಕಾಲಿನ ಕೀಲನ್ನು ತೆಗೆದು ಲೋಹ ಮತ್ತು ಪ್ಲಾಸ್ಟಿಕ್‌ನ ಕೀಲು ಕೂರಿಸುವ ಶಸ್ತ್ರಚಿಕಿತ್ಸೆಯಿಂದ ಬಹುಪಾಲು ರೋಗಿಗಳಿಗೆ ನೆಮ್ಮದಿ ಸಿಗುತ್ತದೆ. ಆದರೆ ಸುಮಾರು ಐವರಲ್ಲಿ ಒಬ್ಬರಿಗೆ, ಗಾಯ ಮಾಗಿ ಎಕ್ಸ್‌ರೇಯಲ್ಲಿ ಎಲ್ಲವೂ ಸರಿ ಕಂಡರೂ, ನೋವು ಬಿಡುವುದಿಲ್ಲ. ಸೋಂಕು, ಕೀಲಿನ ಸಡಿಲಿಕೆ, ನರಕ್ಕೆ ಬಿದ್ದ ಪೆಟ್ಟು ಇದಕ್ಕೆ ಕಾರಣವಾಗಿರಬಹುದು. ಆಪರೇಷನ್‌ಗೆ ಮೊದಲೇ ನೋವು ತೀವ್ರವಾಗಿದ್ದವರಲ್ಲಿ ಅದು ಉಳಿಯುವ ಸಂಭವ ಹೆಚ್ಚು. ಇವುಗಳ ಜೊತೆಗೆ ಆತಂಕ, ಖಿನ್ನತೆ ಮತ್ತು ನೋವಿನ ಬಗೆಗಿನ ಭಯವೂ ಸೇರುತ್ತವೆ ಎಂಬುದನ್ನು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ.

ಹಾಗೆಂದು ಆ ನೋವು ಸುಳ್ಳಲ್ಲ. ಮನಸ್ಸಿನ ಪಾತ್ರವಿದೆ ಎಂದೊಡನೆ ‘ಇವರಿಗೆ ಏನೂ ಆಗಿಲ್ಲ, ಸುಮ್ಮನೆ ನರಳುತ್ತಾರೆ’ ಎಂದುಕೊಳ್ಳುವುದು ರೋಗಿಗೆ ಮಾಡುವ ದೊಡ್ಡ ಅನ್ಯಾಯ. ನೋವು ಎಂಬುದು ದೇಹದ ಸಂವೇದನೆಯೂ ಹೌದು, ಭಾವನೆಯ ಅನುಭವವೂ ಹೌದು ಎಂದು ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘವು 1979ರಲ್ಲೇ ವ್ಯಾಖ್ಯಾನಿಸಿದೆ.

ಇದರ ಹಿಂದಿನ ಶರೀರಕ್ರಿಯೆಗೆ ಮೊದಲ ಗಟ್ಟಿ ವಿವರಣೆ ಕೊಟ್ಟವರು ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್. ಗಾಯದಿಂದ ಹೊರಟ ಸಂಕೇತ ನೇರವಾಗಿ ಮಿದುಳನ್ನು ಮುಟ್ಟುವುದಿಲ್ಲ. ಬೆನ್ನುಹುರಿಯಲ್ಲಿ ಅದಕ್ಕೊಂದು ದ್ವಾರವಿದೆ ಎಂದು ಅವರು 1965ರಲ್ಲಿ ಪ್ರತಿಪಾದಿಸಿದರು. ಈ ಸಿದ್ಧಾಂತದ ಕೆಲವು ವಿವರಗಳು ಮುಂದೆ ತಿದ್ದುಪಡಿಯಾದರೂ ಅದರ ತಿರುಳು ಉಳಿದಿದೆ: ಮಿದುಳಿನಿಂದ ಕೆಳಗಿಳಿದು ಬರುವ ನರಮಾರ್ಗಗಳು ಆ ಸಂಕೇತವನ್ನು ತಗ್ಗಿಸಬಲ್ಲವು, ಹಿಗ್ಗಿಸಲೂಬಲ್ಲವು. ಧೈರ್ಯ ಮತ್ತು ಭರವಸೆ ಇದ್ದಾಗ ದೇಹವೇ ತಯಾರಿಸುವ ಎಂಡಾರ್ಫಿನ್‌ನಂಥ ನೋವುನಿವಾರಕಗಳು ಕೆಲಸ ಮಾಡುತ್ತವೆ. ಭಯ ಮತ್ತು ನಿದ್ರೆಗೇಡು ಇದಕ್ಕೆ ವಿರುದ್ಧವಾಗಿ ನರಮಂಡಲದ ಸೂಕ್ಷ್ಮತೆಯನ್ನು ಹೆಚ್ಚಿಸುತ್ತವೆ.

ರೋಗಿಯ ನಿರೀಕ್ಷೆಗೆ ಎಷ್ಟು ಬಲವಿದೆ ಎಂಬುದಕ್ಕೆ ಅಮೆರಿಕದ ಹ್ಯೂಸ್ಟನ್‌ನಲ್ಲಿ ನಡೆದ, 2002ರಲ್ಲಿ ಪ್ರಕಟವಾದ ಒಂದು ಪ್ರಯೋಗ ಸಾಕ್ಷಿ. ಸಂಧಿವಾತವಿದ್ದ 180 ರೋಗಿಗಳಲ್ಲಿ ಕೆಲವರಿಗೆ ಮೊಣಕಾಲಿನೊಳಗೆ ದುರ್ಬೀನು ತೂರಿಸಿ ಸವೆದ ಭಾಗವನ್ನು ಕೆರೆದು ತೊಳೆಯಲಾಯಿತು, ಕೆಲವರಿಗೆ ಬರೀ ತೊಳೆಯಲಾಯಿತು, ಉಳಿದವರಿಗೆ ಚರ್ಮದ ಮೇಲೆ ಗಾಯವಷ್ಟೇ ಮಾಡಿ ಹೊಲಿಗೆ ಹಾಕಲಾಯಿತು. ಯಾರಿಗೆ ಯಾವ ಚಿಕಿತ್ಸೆ ಎಂಬುದು ರೋಗಿಗಳಿಗೆ ತಿಳಿದಿರಲಿಲ್ಲ. ಎರಡು ವರ್ಷ ಗಮನಿಸಿದರೂ ನಿಜವಾದ ಚಿಕಿತ್ಸೆ ಪಡೆದವರ ನೋವು ಬರೀ ಹೊಲಿಗೆ ಹಾಕಿಸಿಕೊಂಡವರಿಗಿಂತ ಕಡಿಮೆಯಾಗಿರಲಿಲ್ಲ.

ನಿರೀಕ್ಷೆ ಕೆಡುಕಿನ ಕಡೆಗೂ ತಿರುಗಬಹುದು. ‘ಈ ನೋವು ಇನ್ನು ಹೋಗುವುದೇ ಇಲ್ಲ, ನನ್ನಿಂದ ತಡೆಯಲಾಗದು’ ಎಂದು ಹಗಲಿರುಳು ಅದನ್ನೇ ನೆನೆಯುವ, ಅದನ್ನು ದೊಡ್ಡದು ಮಾಡಿ ನೋಡುವ, ಕೈಚೆಲ್ಲಿ ಕೂರುವ ಮನಃಸ್ಥಿತಿಯನ್ನು ಅಳೆಯಲು 1995ರಲ್ಲಿ ಕೆನಡಾದ ಮನೋವಿಜ್ಞಾನಿ ಮೈಕೆಲ್ ಸಲ್ಲಿವನ್ ಮತ್ತು ಸಂಗಡಿಗರು 13 ಅಂಶಗಳ ಮಾಪಕವೊಂದನ್ನು ರೂಪಿಸಿದರು. ಆಪರೇಷನ್‌ಗೆ ಮುನ್ನ ಇದರಲ್ಲಿ ಹೆಚ್ಚು ಅಂಕ ಬಂದವರು ನಂತರವೂ ಹೆಚ್ಚು ನೋವು ಅನುಭವಿಸುವುದು ಅನೇಕ ಅಧ್ಯಯನಗಳಲ್ಲಿ ಕಂಡಿದೆ. ಭಯಪಟ್ಟವರು ಕಾಲು ಮಡಚಲು ಹಿಂಜರಿಯುತ್ತಾರೆ, ಫಿಸಿಯೋಥೆರಪಿ ತಪ್ಪಿಸುತ್ತಾರೆ. ಕೀಲು ಬಿಗಿಯುತ್ತದೆ, ತೊಡೆಯ ಸ್ನಾಯು ಸೊರಗುತ್ತದೆ, ಮುಂದಿನ ಹೆಜ್ಜೆ ಇನ್ನಷ್ಟು ನೋಯುತ್ತದೆ. ನೋಡಲು ಬಂದ ನೆಂಟರು ‘ನಮ್ಮ ಕಡೆಯವರೊಬ್ಬರು ಆಪರೇಷನ್ ಆದ ಮೇಲೆ ಏಳಲೇ ಇಲ್ಲ’ ಎಂದು ಹಾಸಿಗೆಯ ಪಕ್ಕದಲ್ಲೇ ಹೇಳಿದರೆ ಆ ಭಯಕ್ಕೆ ಇನ್ನಷ್ಟು ಬಲ ಬರುತ್ತದೆ.

ಪರಿಹಾರ ಮಾತ್ರ ಅಷ್ಟು ಸರಳವಲ್ಲ. ನೋವಿನ ಭಯ ಹೆಚ್ಚಿದ್ದ 402 ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನೋವನ್ನು ನಿಭಾಯಿಸುವ ವಿಶೇಷ ತರಬೇತಿ ಸಾಮಾನ್ಯ ಆರೈಕೆಗಿಂತ ಹೆಚ್ಚಿನ ಫಲ ಕೊಡಲಿಲ್ಲ. ಎಲ್ಲ ಗುಂಪುಗಳ ನೋವೂ ಗಣನೀಯವಾಗಿ ಇಳಿಯಿತು. ಆದ್ದರಿಂದ ಭಯ ಹೆಚ್ಚಿದೆ ಎಂಬ ಕಾರಣಕ್ಕೆ ಯಾರಿಗೂ ಶಸ್ತ್ರಚಿಕಿತ್ಸೆ ನಿರಾಕರಿಸುವುದು ಸಲ್ಲದು. ಸಕ್ಕರೆ, ಬಿ.ಪಿ. ನೋಡುವ ಹಾಗೆಯೇ ನಿದ್ರೆ, ದುಗುಡ, ಹೆದರಿಕೆಗಳನ್ನೂ ಮೊದಲೇ ವಿಚಾರಿಸಬೇಕು; ಖಿನ್ನತೆಯಿದ್ದರೆ ಚಿಕಿತ್ಸೆ ಕೊಡಬೇಕು. ಮೊದಲ ವಾರಗಳಲ್ಲಿ ಎಷ್ಟು ನೋವಿರುತ್ತದೆ, ವ್ಯಾಯಾಮದ ನೋವಿನಿಂದ ಹೊಸ ಕೀಲು ಏಕೆ ಕೆಡುವುದಿಲ್ಲ ಎಂಬುದನ್ನು ರೋಗಿಗೂ ಮನೆಯವರಿಗೂ ಕೂತು ವಿವರಿಸಬೇಕು.

ನೋವಿನ ಜೊತೆ ಜ್ವರ, ಗಾಯದಿಂದ ಕೀವು, ಮೀನಖಂಡದಲ್ಲಿ ಊತ ಕಂಡರೆ ಅಥವಾ ತಗ್ಗಿದ್ದ ನೋವು ಏಕಾಏಕಿ ಹೆಚ್ಚಿದರೆ ಅದು ಸೋಂಕು, ರಕ್ತ ಹೆಪ್ಪುಗಟ್ಟುವಿಕೆ ಅಥವಾ ಕೀಲಿನ ತೊಂದರೆಯ ಸೂಚನೆಯಾಗಿರಬಹುದು. ಅಂಥ ರೋಗಿ ಎಷ್ಟೇ ಆತಂಕದ ಸ್ವಭಾವದವರಾಗಿದ್ದರೂ ಮೊದಲು ಕಾಲನ್ನು ಪರೀಕ್ಷಿಸಬೇಕು.