ಅನ್ನ, ಅಕ್ಷರ, ಆರೋಗ್ಯದ ಅಂಗಳ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಹಿಂದೆ ಕೋಡಿಯಮಠವೆಂಬ ಪ್ರಸಿದ್ಧ ವಿದ್ಯಾಕೇಂದ್ರವಿತ್ತು. 1162ರ ಶಾಸನವೊಂದು ಅದನ್ನು ವಿದ್ಯೆಯ ನೆಲೆಯೆಂದು ಹೊಗಳುವುದರ ಜೊತೆಗೆ, ದೀನರಿಗೆ ಅನ್ನವನ್ನೂ ರೋಗಿಗಳಿಗೆ ಔಷಧೋಪಚಾರವನ್ನೂ ನೀಡುವ ಸ್ಥಾನವೆಂದು ವರ್ಣಿಸುತ್ತದೆ. ಹಸಿದವನಿಗೆ ಅಕ್ಷರ ಹತ್ತದು ಎಂಬ ವಿವೇಕ ನಮ್ಮ ಈ ನೆಲಕ್ಕೆ ಹೊಸದಲ್ಲ.

ಅದೇ ವಿವೇಕದ ಇಂದಿನ ರೂಪ ಅಂಗನವಾಡಿ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದ 33 ಕಡೆಗಳಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ತಿರುಮಕೂಡಲು ನರಸೀಪುರ. ಇಂದು ಶಿಕಾರಿಪುರ, ಸೊರಬದ ಹಳ್ಳಿಗಳಲ್ಲಿಯೂ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆಗಳ ಜೊತೆಗೆ ಮೂರರಿಂದ ಆರು ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣವೂ ಸರ್ಕಾರದ ವೆಚ್ಚದಲ್ಲಿ ದೊರೆಯುತ್ತಿದೆ.

ಆದರೂ ನಮ್ಮ ಅನೇಕ ಕುಟುಂಬಗಳು "ಅಲ್ಲಿ ಊಟ, ಆಟ ಬಿಟ್ಟರೆ ಏನಿದೆ?" ಎಂದು ಮೂರು ವರ್ಷದ ಕೂಸನ್ನು ವ್ಯಾನಿಗೆ ಹತ್ತಿಸಿ ಪಟ್ಟಣದ ಎಲ್‌ಕೆಜಿಗೆ ಕಳುಹಿಸುತ್ತವೆ. ಮಾನವನ ಅರಿವು ಇಂದ್ರಿಯಗಳ ಮೂಲಕವೇ ಆರಂಭವಾಗುತ್ತದೆ ಎಂದು ಅರಿಸ್ಟಾಟಲನೂ ಸಂತ ತೋಮಸ್ ಅಕ್ವಿನಾಸರೂ ಬೋಧಿಸಿದರು. ಹುಣಸೆಬೀಜ ಎಣಿಸುವ, ಮಣ್ಣು ಕಲಸುವ, ಹಾಡಿಗೆ ಚಪ್ಪಾಳೆ ತಟ್ಟುವ ಮಗು ಕಾಲ ಕಳೆಯುತ್ತಿಲ್ಲ; ಕಲಿಯುತ್ತಿದೆ. ಮರಿಯಾ ಮಾಂಟೆಸ್ಸರಿಯವರು 1907ರಲ್ಲಿ ತಮ್ಮ ಮೊದಲ ಶಿಶುಗೃಹವನ್ನು ತೆರೆದದ್ದು ರೋಮ್ ನಗರದ ಬಡ ಕಾರ್ಮಿಕರ ಕೇರಿಯಲ್ಲಿ. ಇಂದು ಅವರ ಹೆಸರು ದುಬಾರಿ ಶುಲ್ಕದ ಶಾಲೆಗಳ ಫಲಕಗಳಲ್ಲಿ ಮೆರೆಯುತ್ತಿರುವುದು ವಿಪರ್ಯಾಸವೇ ಸರಿ.

ಅಂಗನವಾಡಿಗಳಲ್ಲಿ ಕೊರತೆಗಳಿಲ್ಲವೆಂದು ನಾವು ಹೇಳುವುದಿಲ್ಲ. ಒಬ್ಬಳೇ ಕಾರ್ಯಕರ್ತೆ ಮಕ್ಕಳಿಗೆ ಕಲಿಸಬೇಕು, ದಾಖಲೆ ಬರೆಯಬೇಕು, ಮನೆಮನೆಗೆ ಹೋಗಬೇಕು. ಆಕೆಗೂ ಗ್ರಾಚ್ಯುಟಿಯ ಹಕ್ಕಿದೆಯೆಂದು ಸರ್ವೋಚ್ಚ ನ್ಯಾಯಾಲಯ ಸಾರಿದ್ದು 2022ರಲ್ಲಿ, ಯೋಜನೆ ಹುಟ್ಟಿ 47 ವರ್ಷಗಳಾಗುವ ಹೊತ್ತಿಗೆ. ಆದರೆ ಕೇಳಿ ಪಡೆಯಬಲ್ಲವರೆಲ್ಲ ತಮ್ಮ ಮಕ್ಕಳನ್ನು ಹಿಂತೆಗೆದುಕೊಂಡರೆ ಅಲ್ಲಿ ಉಳಿಯುವುದು ಶುಂಠಿ ಹೊಲ, ಅಡಕೆ ತೋಟಗಳ ಕೂಲಿಯವರ ಮಕ್ಕಳು ಮಾತ್ರ. ಸೋರುವ ಸೂರಿನ ಬಗ್ಗೆ, ಇಲ್ಲದ ಆಟಿಕೆಗಳ ಬಗ್ಗೆ ಅವರ ಪರವಾಗಿ ಕೇಳುವವರು ಯಾರು?

ಸಾರ್ವಜನಿಕ ಹಿತವೆಂದರೆ ಬಡವರಿಗೆ ಬಿಟ್ಟುಕೊಟ್ಟ ಉಳಿಕೆಯಲ್ಲ. ಎಲ್ಲರೂ ಪಾಲುಗೊಂಡಾಗ ಮಾತ್ರ ಅದು ಬೆಳೆಯುತ್ತದೆ. ಆದ್ದರಿಂದ ತಂದೆತಾಯಂದಿರೇ, ಪಟ್ಟಣದ ಶಾಲೆಗೆ ಶುಲ್ಕ ಕಟ್ಟುವ ಮುನ್ನ ಒಂದು ಬೆಳಿಗ್ಗೆ ನಿಮ್ಮೂರ ಅಂಗನವಾಡಿಯಲ್ಲಿ ಕುಳಿತು ನೋಡಿರಿ. ಅದರ ಬಾಲವಿಕಾಸ ಸಮಿತಿಯ ಸಭೆಗೆ ಹೋಗಿರಿ. ಕೊರತೆ ಕಂಡರೆ ಕೇಳಿರಿ. ನಿಮ್ಮ ಮಗುವಿಗಾಗಿ ಮಾತ್ರವಲ್ಲ, ಅದರ ಪಕ್ಕದಲ್ಲಿ ಕುಳಿತ ಮಗುವಿಗಾಗಿಯೂ.